ರೊಟ್ಟಿ ಕೇಂದ್ರದ ಮಾಲೀಕರನ್ನು ‘ಅಕ್ಕಾ’ ಎನ್ನುವುದರಿಂದ ನೌಕರರು ಇಲ್ಲವಾಗುವ ಕುರಿತು

ಸಣ್ಣ ಉದ್ಯಮಗಳ ವೇತನ, ತೆರಿಗೆ ಹಾಗೂ ಅನುಪಾಲನಾ ಇಲಾಖೆ
(ಸಂಬಂಧವಾಚಕ ಪದಗಳ ಉಪಶಾಖೆ)

ಸಂಖ್ಯೆ: ವೇತೆಅ/ಸಂಪ/ಅಕ್ಕ/17/2025-26
ದಿನಾಂಕ: ಮೊಹರು ದುರಸ್ತಿಗೆ ಹೋಗಿದೆ

ಸುತ್ತೋಲೆ

ವಿಷಯ: ಕೆಲಸದ ಸ್ಥಳದಲ್ಲಿ ‘ಅಕ್ಕಾ’, ‘ಕಾಕಾ’, ‘ವೈನಿ’ ಮುಂತಾದ ಕರೆಗಳನ್ನು ನಿಯಂತ್ರಿಸುವ ಬಗ್ಗೆ.

ಉಲ್ಲೇಖ: 1. ಪರಿವೀಕ್ಷಕ ಶ್ರೀ ಪರಮಾನಂದ ಇವರ ಮೊದಲ ವರದಿ.
2. ಅವರದೇ ಎರಡನೇ ವರದಿ.
3. ಶ್ರೀಮತಿ ತಾರವ್ವ ಇವರ ಬಲಗೈ.

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲೂಕುಗಳ ಸಮಸ್ತ ಸಣ್ಣ ಉದ್ಯೋಗದಾತರ ಅವಗಾಹನೆಗಾಗಿ ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ:

1. ಲೋಕಾಪುರದಲ್ಲಿ ಶ್ರೀಮತಿ ರಾಜಶ್ರೀ ಎಂಬುವರು ಒಂದು ರೊಟ್ಟಿ ಕೇಂದ್ರ ನಡೆಸುತ್ತಿದ್ದು, ಹತ್ತು ಮಂದಿ ಹೆಣ್ಣುಮಕ್ಕಳು ಅಲ್ಲಿ ಜೋಳದ ರೊಟ್ಟಿ ಬಡಿಯುತ್ತಾರೆ. ಸದರಿ ರಾಜಶ್ರೀಯವರು ಎಲ್ಲರ ವಿಮೆಯ ವಂತಿಗೆಯನ್ನು ಯಾರೂ ಕೇಳದೆ, ಗಡುವಿಗೆ ಮೊದಲೇ ಕಟ್ಟುತ್ತ ಬಂದಿದ್ದು, ಈ ಅಸಹಜ ನಡವಳಿಕೆಯಿಂದ ಇಲಾಖೆಗೆ ಮೊದಲಿನಿಂದಲೂ ಅನುಮಾನವಿತ್ತು.

2. ಹೀಗಿರುವಲ್ಲಿ, ನೌಕರರ ಪೈಕಿ ಹಿರಿಯರಾದ ಶ್ರೀಮತಿ ತಾರವ್ವ ಎಂಬುವರು ಕುದಿಯುವ ಎಸರಿನ ಪಾತ್ರೆ ಇಳಿಸುವಾಗ ಕೈಜಾರಿ, ಬಲಗೈಯನ್ನು ಮೊಣಕೈವರೆಗೆ ಸುಟ್ಟುಕೊಂಡರು. ಚಿಕಿತ್ಸೆಗಾಗಿ ರಾಜಶ್ರೀಯವರು ವಿಮೆಯ ಅರ್ಜಿ ಸಲ್ಲಿಸಿದರು. ಪರಿಶೀಲನೆಗೆಂದು ಶ್ರೀ ಪರಮಾನಂದ ಇವರು ಬಾಗಿಲಲ್ಲಿ ನಿಂತಾಗ, ಬನಶಂಕರಿ ಎಂಬ ನೌಕರರು ಒಳಗೆ ತಿರುಗಿ, “ಅಕ್ಕಾ, ಯಾರೋ ಸಾಹೇಬ್ರು ಬಂದಾರ ನೋಡ್ರಿ” ಎಂದು ಕೂಗಿದರು.

3. “ಇವರು ನಿಮ್ಮ ತಂಗೀನಾ?” ಎಂದು ಪರಿವೀಕ್ಷಕರು ಹೊರಬಂದ ರಾಜಶ್ರೀಯವರನ್ನು ಪ್ರಶ್ನಿಸಿದರು. “ಹೂನ್ರಿ, ತಂಗಿ ಇದ್ಹಾಂಗ” ಎಂದು ರಾಜಶ್ರೀಯವರು ಉತ್ತರಿಸಿದರು. ನಮೂನೆಯಲ್ಲಿ ‘ಇದ್ಹಾಂಗ’ಕ್ಕೆ ಅಂಕಣವಿಲ್ಲದ ಕಾರಣ ಅದನ್ನು ಕೈಬಿಡಲಾಯಿತು. ಅಷ್ಟರಲ್ಲಿ ಒಲೆಯ ಕಡೆಯಿಂದ ಒಬ್ಬರು ‘ವೈನಿ’ (ಅತ್ತಿಗೆ) ಎಂದೂ ಇನ್ನೊಬ್ಬರು ‘ಚಿಗವ್ವಾ’ (ಚಿಕ್ಕಮ್ಮ) ಎಂದೂ ಕರೆದರು. ವರದಿ ಸಿದ್ಧವಾಯಿತು: ತಂಗಿಯರು ಎಂಟು, ನಾದಿನಿ ಒಂದು, ಮಗಳ ಸಮಾನರು ಒಂದು, ನೌಕರರು ಸೊನ್ನೆ. ನೌಕರರೇ ಇಲ್ಲವಾದ್ದರಿಂದ ವಿಮೆಯೂ ಇಲ್ಲವೆಂದು ಆದೇಶಿಸಲಾಯಿತು. ಇಲ್ಲದ ನೌಕರರಿಗೆ ಇಷ್ಟು ಕಾಲ ಪಗಾರ ಕೊಟ್ಟದ್ದೇಕೆ ಎಂದು ರಾಜಶ್ರೀಯವರಿಗೆ ನೋಟಿಸನ್ನೂ ಕಳುಹಿಸಲಾಯಿತು.

4. ರಾಜಶ್ರೀಯವರು ಬ್ಯಾಂಡೇಜು ಸುತ್ತಿದ ಕೈಯ ತಾರವ್ವನವರನ್ನು ಕರೆದುಕೊಂಡು ಈ ಕಚೇರಿಗೆ ಬಂದರು. “ಸಾಹೇಬ್ರ, ಈಕಿ ನನ್ನ ಒಡಹುಟ್ಟಿದಾಕಿ ಅಲ್ರೀ. ನನ್ನ ಕಡೆ ದುಡಿಯಾಕಿ. ಕೈ ನೋಡ್ರಿ ಒಂದೀಟು” ಎಂದರು. ಕೈಯನ್ನು ನೋಡಲು ಈ ಉಪಶಾಖೆಗೆ ಅಧಿಕಾರವಿಲ್ಲವೆಂದೂ, ‘ತಂಗಿಯಲ್ಲ’ ಎಂಬ ಪ್ರಮಾಣಪತ್ರ ತರಬೇಕೆಂದೂ ತಿಳಿಸಲಾಯಿತು. ಅಂಥ ಪ್ರಮಾಣಪತ್ರವನ್ನು ಯಾವ ಕಚೇರಿಯೂ ನೀಡುವುದಿಲ್ಲವೆಂಬುದನ್ನೂ ಅದೇ ವೇಳೆಗೆ ತಿಳಿಸಲಾಯಿತು. ಕಾನೂನಿನಿಂದ ತಪ್ಪಿಸಿಕೊಳ್ಳಲು ಜನ ಓಡಾಡುವುದನ್ನು ರಾಜಶ್ರೀಯವರು ಕಂಡಿದ್ದರು. ಪಾಲಿಸಲಿಕ್ಕೂ ಹೀಗೆ ಕೈಮುಗಿದು ನಿಲ್ಲಬೇಕಲ್ಲ ಎಂದು ಮೆಟ್ಟಿಲಿಳಿಯುವಾಗ ಅಂದುಕೊಂಡರು.

5. ಆದಾಗ್ಯೂ, ಮಾನವೀಯತೆಯ ದೃಷ್ಟಿಯಿಂದ, ಮರುಪರಿಶೀಲನೆಯವರೆಗೆ ಈ ಕೆಳಗಿನ ನಿಯಮ ಪಾಲಿಸಿದಲ್ಲಿ ನೌಕರತ್ವವನ್ನು ಪುನಃ ಪರಿಗಣಿಸಬಹುದೆಂದು ತೀರ್ಮಾನಿಸಲಾಯಿತು:

(ಅ) ಮಾಲೀಕರನ್ನು ‘ಉದ್ಯೋಗದಾತರೇ’ ಎಂದೇ ಕರೆಯತಕ್ಕದ್ದು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿರುವಾಗ, ಲಿಖಿತ ಪೂರ್ವಾನುಮತಿ ಪಡೆದು, ‘ಉ’ ಎಂದಷ್ಟೇ ಕರೆಯಬಹುದು.

(ಆ) ಕೈಗೆ ಬಿಸಿ ತಗುಲಿದಾಗ ಹೊರಡುವ ‘ಯವ್ವಾ’ ಉದ್ಗಾರವೇ ಹೊರತು ಸಂಬಂಧವಲ್ಲ. ಆದರೆ ಅದಕ್ಕೆ ಯಾರಾದರೂ “ಏನವ್ವಾ?” ಎಂದು ಓಗೊಟ್ಟಲ್ಲಿ ಸಂಬಂಧ ಸ್ಥಾಪಿತವಾಗುತ್ತದೆ.

(ಇ) ಹೆಂಗಸರನ್ನು ಸಲುಗೆಯಿಂದ ಕರೆಯುವ ‘ಬೇ’ ಎಂಬುದು ಅರ್ಧ ಸಂಬಂಧ. ಎರಡು ‘ಬೇ’ ಸೇರಿದರೆ ಒಬ್ಬ ತಂಗಿ.

(ಈ) ಬನಹಟ್ಟಿಯ ಮಗ್ಗದ ಮಾಲೀಕರನ್ನು ‘ಮಾಮಾ’ ಎನ್ನುವ ಅವಿವಾಹಿತರು, ಬೀಗತನದ ಉದ್ದೇಶವಿಲ್ಲವೆಂದು ಮುಚ್ಚಳಿಕೆ ಬರೆದುಕೊಡತಕ್ಕದ್ದು.

6. ರಾಜಶ್ರೀಯವರು ಎಲ್ಲರನ್ನೂ ಕೂಡಿಸಿ, “ಇನ್ನ ಮ್ಯಾಲ ಅಕ್ಕಾ ಅನಬ್ಯಾಡ್ರೆ” ಎಂದರು. ಬನಶಂಕರಿಯವರು “ಉದ್ಯೋಗದಾತರ, ಹಿಟ್ಟು ಮುಗದೈತ್ರಿ” ಎಂದು ಹೇಳಿ ನೋಡಿ, ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕೆಲಸ ಮಾಡಲಾಗದಿದ್ದರೂ ದಿನಾ ಬಂದು ಮೂಲೆಯಲ್ಲಿ ಕೂರುತ್ತಿದ್ದ ತಾರವ್ವ ಮಾತ್ರ ನಗಲಿಲ್ಲ. “ವಯಸ್ಸಿಲೆ ನೀ ಸಣ್ಣಾಕಿ ಆದರೂ ನಿನಗ ಬಾಯಿ ತುಂಬ ಅಕ್ಕಾ ಅಂದೇನಿ. ಕೈ ಹೋದರ ಹೋಗಲಿ, ನಾ ಅನ್ನಾಕಿನ” ಎಂದರು. “ಸುಮ್ಮನಿರ ಬೇ. ಮೊದಲ ಕೈ ಛಲೋ ಆಗಲಿ” ಎಂದು ರಾಜಶ್ರೀಯವರು ಗದರಿದರು (ಅರ್ಧ ಸಂಬಂಧ ದಾಖಲಿಸಿಕೊಳ್ಳಲಾಗಿದೆ). ಆ ದಿನವೆಲ್ಲ ರೊಟ್ಟಿ ಬಡಿಯುವ ಸದ್ದೊಂದೇ. ಒಂದೇ ಆದೇಶಕ್ಕೆ ಮನೆ ಬರಿದಾದಂತೆ ರಾಜಶ್ರೀಯವರಿಗೆ ಅನ್ನಿಸಿತು.

7. ಮರುಪರಿಶೀಲನೆಗೆ ಶ್ರೀ ಪರಮಾನಂದ ಇವರು ನಡುಮಧ್ಯಾಹ್ನ, ಬಿಸಿಲಿನಲ್ಲಿ ಬೆವರಿಳಿಸುತ್ತ ಬಂದರು. ಎಲ್ಲರೂ ‘ಉದ್ಯೋಗದಾತರೇ’ ಎನ್ನುತ್ತಿದ್ದರು. ದೋಷ ಕಂಡುಬರಲಿಲ್ಲ. ಅವರ ಒಣಗಿದ ಮುಖ ನೋಡಿ ತಾರವ್ವನವರು ಎದ್ದು, ಎಡಗೈಯಿಂದಲೇ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು ಇಟ್ಟು, “ಉಣ್ಣೋ ಯಪ್ಪಾ, ಹಸದೀದಿ” ಎಂದರು. ಪರಿವೀಕ್ಷಕರು ಉಂಡರು. ಮತ್ತೊಂದು ರೊಟ್ಟಿ ಬಡಿಸಬಂದಾಗ, “ಸಾಕು ಯವ್ವಾ, ಹೊಟ್ಟಿ ತುಂಬೇತಿ” ಎಂದರು.

8. ಒಲೆಯ ಮುಂದಿದ್ದವರೆಲ್ಲ ಕೈ ನಿಲ್ಲಿಸಿದರು. ಪರಿವೀಕ್ಷಕರು ತಾರವ್ವನವರ ಬ್ಯಾಂಡೇಜನ್ನು ಸ್ವಲ್ಪ ಹೊತ್ತು ನೋಡಿ, ಕೈ ತೊಳೆದುಕೊಂಡು, ಪೆನ್ನು ತೆಗೆದು ತಮ್ಮ ಮಾತನ್ನು ತಾವೇ ವರದಿಯಲ್ಲಿ ಬರೆದರು. ಬಾಯಿ ತಪ್ಪಿ ಅಂದರೋ ಬೇಕೆಂದೇ ಅಂದರೋ ಎಂಬುದು ರಾಜಶ್ರೀಯವರಿಗೆ ಇಂದಿಗೂ ಬಗೆಹರಿದಿಲ್ಲ.

9. ‘ಯಪ್ಪಾ’ ಎಂದದ್ದಕ್ಕೆ ‘ಯವ್ವಾ’ ಎಂದು ಓಗೊಟ್ಟಿರುವುದರಿಂದ, ಕಂಡಿಕೆ 5(ಆ)ರಂತೆ ಸದರಿ ಪರಿವೀಕ್ಷಕರು ತಾರವ್ವನವರ ಮಗನೆಂದು ಸ್ಥಾಪಿತವಾಗಿದೆ. ಹೆತ್ತ ತಾಯಿಯ ವಿಮೆಯನ್ನು ಮಗನೇ ಪರಿಶೀಲಿಸುವುದು ನಿಯಮಬಾಹಿರವಾದ್ದರಿಂದ ಅವರ ಮೊದಲ ವರದಿಯನ್ನು ಹಿಂದಿನಿಂದಲೇ ಜಾರಿಯಾಗುವಂತೆ ರದ್ದುಪಡಿಸಲಾಗಿದೆ. ಹತ್ತೂ ಮಂದಿ ಪುನಃ ನೌಕರರಾಗಿದ್ದಾರೆ, ನೋಟಿಸನ್ನು ಹಿಂಪಡೆಯಲಾಗಿದೆ. ತಾರವ್ವನವರ ಚಿಕಿತ್ಸೆ ಮುಗಿದು, ಬಲಗೈಯು ಸೇವೆಗೆ ಮರುಹಾಜರಾಗಿದೆ. ‘ಅಕ್ಕಾ’ ಎಂಬ ಪದವು ಅಲ್ಲಿ ದಿನವಿಡೀ ಕೇಳಿಬರುತ್ತಿರುವ ಬಗ್ಗೆ ದೂರುಗಳಿದ್ದು, ಪರಿಶೀಲನೆಗೆ ಹೋಗಲು ಹಸಿವಿಲ್ಲದ ಅಧಿಕಾರಿ ಲಭ್ಯವಿರುವುದಿಲ್ಲ.

10. ಇನ್ನು ಮುಂದೆ ಪರಿವೀಕ್ಷಕರು ಬುತ್ತಿ ಕಟ್ಟಿಕೊಂಡೇ ಹೊರಡತಕ್ಕದ್ದು.

(ಸಹಿ ಇದೆ)
ಉಪಶಾಖಾಧಿಕಾರಿ
ಸಂಬಂಧವಾಚಕ ಪದಗಳ ಉಪಶಾಖೆ

ಪ್ರತಿಗಳು:
1. ಶ್ರೀಮತಿ ರಾಜಶ್ರೀ, ಉದ್ಯೋಗದಾತರು, ಲೋಕಾಪುರ.
2. ನಾಲ್ಕೂ ತಾಲೂಕುಗಳ ಸಮಸ್ತ ಕಾಕಾ, ಮಾಮಾ ಹಾಗೂ ವೈನಿಯವರಿಗೆ, ಸೂಕ್ತ ಕ್ರಮಕ್ಕಾಗಿ.
3. ಕಚೇರಿ ಕಡತಕ್ಕೆ (ಹಿಂಡಿಯ ಎಣ್ಣೆ ತಾಗಿರುವುದರಿಂದ ಪ್ರತ್ಯೇಕವಾಗಿಡುವುದು).
4. ಶ್ರೀಮತಿ ತಾರವ್ವ, ಲೋಕಾಪುರ. ಓದಿ ಹೇಳಲು ಅವರ ಮಗ ಶ್ರೀ ಪರಮಾನಂದ ಇವರನ್ನು ಪ್ರತಿ ಅಮಾವಾಸ್ಯೆಗೆ ನಿಯೋಜಿಸಲಾಗಿದೆ.