ಕೆಂಪು ಚುಕ್ಕಿ ಇಟ್ಟು ಹಾಲು ನಿಲ್ಲಿಸಿದ್ದು

ಗುಬ್ಬಿಯಲ್ಲಿ ಇಪ್ಪತ್ತೆರಡು ವರ್ಷ ಟೈಪಿಂಗ್ ಕಲಿಸಿದ ಮೇಲೆ, ಯಂತ್ರಗಳ ವಿಷಯದಲ್ಲಿ ನನ್ನನ್ನು ಯಾರೂ ಏಮಾರಿಸಲಾರರು ಎಂಬ ನಂಬಿಕೆ ನನಗಿತ್ತು. ಆ ನಂಬಿಕೆಯನ್ನು ಟಿಫನ್ ಬಾಕ್ಸಿನ ಜೊತೆ ಬ್ಯಾಗಿಗೆ ಹಾಕಿಕೊಂಡೇ ತುಮಕೂರಿನ ಸತ್ಯಮಂಗಲದ ಒಂದು ಸಾಫ್ಟ್‌ವೇರ್ ಕಂಪನಿಗೆ ಟೆಸ್ಟರ್ ಆಗಿ ಸೇರಿದೆ. ಕಂಪನಿ ಎಂದರೆ ಬೋಲ್ಟು ಕಾರ್ಖಾನೆಯೊಂದರ ಮೇಲಿನ ಎರಡು ಕೋಣೆ. ಅದರ ಒಡತಿ ರಮ್ಯಾ ಒಂದು ಕಾಲಕ್ಕೆ ನನ್ನ ಹತ್ತಿರವೇ ಟೈಪಿಂಗ್ ಕಲಿತವಳು. ನಾನು ಅವಳನ್ನು ಮೇಡಂ ಎನ್ನುತ್ತೇನೆ, ಅವಳು ನನ್ನನ್ನು ಮಿಸ್ ಎನ್ನುತ್ತಾಳೆ. ಯಾರು ಯಾರ ಕೈಕೆಳಗೆ ಇದ್ದಾರೆ ಎಂದು ಮೂರನೆಯವರಿಗೆ ತಿಳಿಯುವುದೇ ಇಲ್ಲ.

ರಮ್ಯಾ ಒಂದು ಡಿಬಗರ್ ತಯಾರಿಸಿದ್ದಳು. ಓಡುತ್ತಿರುವ ಪ್ರೋಗ್ರಾಮನ್ನು ನಡುವೆಯೇ ತಡೆದು, ತಪ್ಪು ಎಲ್ಲಿದೆ ಎಂದು ಹುಡುಕುವ ಸಾಧನ ಅದು. ಬೇಕಾದ ಸಾಲಿನ ಪಕ್ಕ ಕೆಂಪು ಚುಕ್ಕಿ ಇಟ್ಟರೆ ಪ್ರೋಗ್ರಾಂ ಅಲ್ಲಿಗೆ ಬಂದು ನಿಲ್ಲಬೇಕು. ಬಟನ್ ಒತ್ತಿದರೆ ಒಂದೊಂದೇ ಸಾಲು ಮುಂದೆ ಹೋಗಬೇಕು. ಆಗ ಪ್ರೋಗ್ರಾಮಿನ ಹೊಟ್ಟೆಯಲ್ಲಿ ಏನೇನಿದೆ ಎಂದು ಪಕ್ಕದಲ್ಲಿ ಕಾಣಬೇಕು. ಇದೆಲ್ಲ ಸರಿಯಾಗಿ ನಡೆಯುತ್ತದೆಯೇ ಎಂದು ಕೈಯಾರೆ ಪರೀಕ್ಷಿಸಿ, ನಲವತ್ತು ಪರೀಕ್ಷೆಗಳ ಹಾಳೆಯಲ್ಲಿ ಟಿಕ್ ಹಾಕುವುದೇ ನನ್ನ ಉದ್ಯೋಗ.

ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು. ಒಂದು ಸಂಜೆ ರಮ್ಯಾ ಬೀಗರ ಊಟಕ್ಕೆಂದು ಕುಣಿಗಲ್ಲಿಗೆ ಹೊರಟಳು. ಪರದೆಯ ಮೇಲೆ ಎರಡು ಪ್ರೋಗ್ರಾಮುಗಳ ಹೆಸರಿದ್ದವು: ‘ಹಾಲು’ ಮತ್ತು ‘ಹಾಲು ಟೆಸ್ಟ್’. ಎರಡರಲ್ಲಿ ಯಾವುದನ್ನೋ ಮುಟ್ಟಬೇಡಿ ಎಂದು ಹೇಳಿ ಹೋದಳು. ನಾನು ತಲೆಯಾಡಿಸಿದೆ. ಹಳೆಯ ವಿದ್ಯಾರ್ಥಿನಿಯ ಮುಂದೆ ‘ಇನ್ನೊಂದು ಸಲ ಹೇಳಮ್ಮ’ ಎಂದು ಟೀಚರಾದವಳು ಕೇಳುವುದುಂಟೇ? ಅವಳು ಹೋದ ಮೇಲೆ ಸ್ವಂತ ಬುದ್ಧಿಯಿಂದ ತರ್ಕಿಸಿದೆ. ಟೆಸ್ಟ್ ಮಾಡುವುದಕ್ಕೆ ನಾನೇ ಇರುವಾಗ ಮತ್ತೊಂದು ಟೆಸ್ಟ್ ಯಾಕೆ? ‘ಹಾಲು’ ಒತ್ತಿದೆ.

ಅದು ನಿಜವಾದ ಹಾಲು. ಹೆಬ್ಬೂರಿನಾಚೆಯ ಒಂದು ಹಳ್ಳಿಯ ಡೈರಿಯಲ್ಲಿ, ಆ ಹೊತ್ತಿಗೆ ಸರಿಯಾಗಿ, ಸಂಜೆಯ ಹಾಲು ಅಳೆಯುತ್ತಿದ್ದ ಪ್ರೋಗ್ರಾಂ!

ನನಗೇನು ಗೊತ್ತು? ಚುಕ್ಕಿ ಇಟ್ಟೆ, ನಿಂತಿತು. ಟಿಕ್. ಬಟನ್ ಒತ್ತಿದೆ, ಒಂದು ಸಾಲು ಮುಂದೆ ಹೋಯಿತು. ಟಿಕ್. ಇಷ್ಟು ವಿಧೇಯ ಪ್ರೋಗ್ರಾಮನ್ನು ನಾನು ಕಂಡಿರಲಿಲ್ಲ.

ಆಗ ಆಫೀಸಿನ ಫೋನು ಬಡಿದುಕೊಂಡಿತು. ಡೈರಿಯ ಸೆಕ್ರೆಟರಿ ಶಿವಣ್ಣ. ಹಾಲಿನ ಮಿಷನ್ ನಿಂತುಹೋಗಿದೆ ಎಂದರು. ನಿಮ್ಮ ದೂರನ್ನು ದಾಖಲಿಸಿಕೊಳ್ಳಲಾಗಿದೆ, ದಯವಿಟ್ಟು ಸಹಕರಿಸಿ ಎಂದು ಗಂಭೀರವಾಗಿ ಹೇಳಿ, ನಿಂತ ಪ್ರೋಗ್ರಾಮನ್ನು ಮತ್ತೆ ಓಡಿಸುವ ಬಟನ್ ಒತ್ತಿದೆ. ಹೋ, ಈಗ ಓಡ್ತು ಎಂದು ಅವರು ಕೃತಜ್ಞತೆ ಸೂಚಿಸಿದರು. ಫೋನಿಟ್ಟು ಮುಂದಿನ ಪರೀಕ್ಷೆ ನೋಡಿದೆ. ‘ಒಂದೇ ಚುಕ್ಕಿಯಲ್ಲಿ ಹತ್ತು ಸಲ ನಿಲ್ಲಿಸಿ ನೋಡುವುದು.’ ನಿಲ್ಲಿಸಿ ನೋಡಿದೆ.

ಎರಡನೇ ಸಲ ಫೋನ್ ಬಂದಾಗ, ಕಂಪ್ಯೂಟರನ್ನೇ ಆಫ್ ಮಾಡಿ ಆನ್ ಮಾಡಿ ಎಂದು ಶಿವಣ್ಣನಿಗೆ ಸಲಹೆ ಕೊಟ್ಟೆ. ಅವರು ಆಫ್ ಮಾಡಿದರು. ನನ್ನ ಪರದೆಯ ಮೇಲೆ ‘ಸಂಪರ್ಕ ಕಡಿದಿದೆ’ ಎಂದು ಬಂತು. ಡಿಬಗರಿನಲ್ಲಿ ದೋಷ ಎಂದು ಹಾಳೆಯಲ್ಲಿ ಬರೆದು, ಛಲ ಬಿಡದೆ ಮತ್ತೆ ಸಂಪರ್ಕ ಕೊಟ್ಟೆ. ಅಲ್ಲಿ ಮಿಷನ್ ಮತ್ತೆ ನಿಂತಿತು.

ಮೂರನೇ ಫೋನಿನಲ್ಲಿ ಶಿವಣ್ಣನ ದನಿಯೇ ಬೇರೆಯಿತ್ತು.

"ಮೇಡಂ, ಜನ ಕ್ಯಾನ್ ಹಿಡ್ಕೊಂಡು ರಸ್ತೆಗಂಟ ನಿಂತವ್ರೆ. ವ್ಯಾನ್ ಬಂದೈತೆ, ಅರ್ಧ ಗಂಟೆ ಮೇಲೆ ಕಾಯಕಿಲ್ಲ ಅಂತಾನೆ. ಹಾಲು ಹುಳಿ ಬಂದೋಯ್ತದೆ. ಲಕ್ಷ್ಮಮ್ಮ ಅಂತ ಹೆಸ್ರು ಬಂದು ಅಲ್ಲೇ ನಿಂತದೆ."

ನನ್ನ ಪರದೆ ನೋಡಿದೆ. ಹೆಸರು: ಲಕ್ಷ್ಮಮ್ಮ.

ರಮ್ಯಾಳಿಗೆ ಫೋನ್ ಮಾಡಿದರೆ ರಿಂಗಾಗುತ್ತಿತ್ತೇ ಹೊರತು ಎತ್ತುವವರಿಲ್ಲ. ಅಷ್ಟರಲ್ಲಿ ನಮ್ಮ ಯಜಮಾನರೇ ಫೋನ್ ಮಾಡಿದರು. ಅವರು ಕರೆಂಟ್ ಲೈನ್‌ಮ್ಯಾನ್. ಬಸ್ಸು ತಪ್ಪಿತೇ ಎಂದು ಕೇಳಿದವರಿಗೆ ನಾನು ಗೋಳೋ ಎಂದು ಎಲ್ಲವನ್ನೂ ಒದರಿದೆ.

"ಆಫ್ ಮಾಡೋಕ್ ಮುಂಚೆ ಯಾವೂರ್ ಲೈನು ಅಂತ ನೋಡ್ಬೇಕು ಕಣೇ," ಎಂದರು ಅವರು. "ಇರ್ಲಿ. ಹಾಕಿರೋದನ್ನೆಲ್ಲ ಒಂದೊಂದೇ ತೆಗಿ. ಆಮೇಲೆ ಅಳುವಂತೆ."

ಹನ್ನೊಂದು ಚುಕ್ಕಿ ಇಟ್ಟಿದ್ದೆ. ಹನ್ನೊಂದನ್ನೂ ತೆಗೆದು, ಸಂಪರ್ಕ ಬಿಡಿಸಿ, ಕೈಯನ್ನು ಕೀಬೋರ್ಡಿನಿಂದ ದೂರ ಹಿಡಿದುಕೊಂಡು ಕೂತೆ. ಮಿಷನ್ ಓಡಿತು. ವ್ಯಾನಿನವನನ್ನು ಶಿವಣ್ಣ ಟೀ ಕುಡಿಸಿ ಹಿಡಿದಿಟ್ಟರಂತೆ. ಕೊನೆಯ ಕ್ಯಾನೂ ಕೆಡದೆ ಹೋಯಿತು.

ಮರುದಿನ ಬಸ್ಸಿನಲ್ಲಿ ರಾಜೀನಾಮೆಯ ಮಾತುಗಳನ್ನು ಗಟ್ಟಿ ಮಾಡಿಕೊಳ್ಳುತ್ತಾ ಬಂದೆ. ರಮ್ಯಾ ನನ್ನ ಹಾಳೆ ಹಿಡಿದು ಕೂತಿದ್ದಳು. ಅವಳ ಬೆರಳು ಮೂವತ್ತೊಂದನೇ ಪರೀಕ್ಷೆಯ ಮೇಲಿತ್ತು. ಮೂರನೇ ಫೋನಿಗೆ ಮುಂಚೆ ಅಲ್ಲಿ ನಾನು ಬರೆದಿದ್ದೆ: ‘ಡಿಬಗರ್ ಸುಳ್ಳು ಹೇಳುತ್ತದೆ. ಲಕ್ಷ್ಮೀದೇವಮ್ಮ ಒಂದು ಸಾಲು ಮುಂದೆ ಹೋದರೆ ಲಕ್ಷ್ಮಮ್ಮ ಆಗುತ್ತಾಳೆ.’

"ಮಿಸ್, ಡಿಬಗರ್ ಸುಳ್ಳು ಹೇಳ್ತಿಲ್ಲ," ಎಂದಳು ರಮ್ಯಾ. "ಹಾಲಿನ ಪ್ರೋಗ್ರಾಮೇ ತಪ್ಪು. ಮೂರು ತಿಂಗಳಿಂದ ಇದನ್ನೇ ಹುಡುಕ್ತಿದ್ದೆ ನಾನು."

ಲಕ್ಷ್ಮೀದೇವಮ್ಮನ ಹಾಲು ಲಕ್ಷ್ಮಮ್ಮನ ಹೆಸರಿಗೆ ಹೋಗಿ ಆ ಇಬ್ಬರು ಹೆಂಗಸರು ಮಾತು ಬಿಟ್ಟಿದ್ದರಂತೆ. ಟೆಸ್ಟಿನ ಪ್ರೋಗ್ರಾಮಿನಲ್ಲಿ ಅಂಥ ಎರಡು ಹೆಸರೇ ಇಲ್ಲದ್ದರಿಂದ ತಪ್ಪು ಸಿಕ್ಕಿರಲಿಲ್ಲ. ಪ್ರೋಗ್ರಾಂ ಹೆಸರನ್ನು ಪೂರ್ತಿ ಓದದೆ ಮುಂದೆ ಹೋಗುತ್ತಿತ್ತು. ಥೇಟ್ ನನ್ನ ಹಾಗೆ.

ರಾಜೀನಾಮೆಯನ್ನು ನುಂಗಿಕೊಂಡೆ.

ನಾಲ್ಕು ದಿನದ ನಂತರ, ಸರಿಪಡಿಸಿದ ಪ್ರೋಗ್ರಾಂ ಹಾಕಲು ರಮ್ಯಾ ನನ್ನನ್ನೂ ಡೈರಿಗೆ ಕರೆದೊಯ್ದಳು. ಇಬ್ಬರು ಹೆಂಗಸರಿಗೂ ಅವರವರ ಹೆಸರಿನ ಚೀಟಿ ಬಂತು. ಲಕ್ಷ್ಮಮ್ಮ ಲಕ್ಷ್ಮೀದೇವಮ್ಮನ ಕಡೆ ತಿರುಗಿ, ಕರು ಹೆಂಗೈತೆ ಎಂದು ಕೇಳಿದರು.

ಶಿವಣ್ಣ ಕುರ್ಚಿ ಹಾಕಿ, ಬಿಸಿ ಹಾಲು ಕೊಟ್ಟು, ಹಾಲು ಅಳೆದು ಮುಗಿಯುವವರೆಗೂ ಇಲ್ಲೇ ಇರಬೇಕು, ನೀವಿದ್ದರೆ ನಮಗೆ ಧೈರ್ಯ ಎಂದು ಕೈಮುಗಿದರು. ಎಂಥ ಗೌರವ! ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಅವರು ಲಕ್ಷ್ಮಮ್ಮನಿಗೆ ಮೆಲ್ಲಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು.

"ಆಯಮ್ಮ ಇಲ್ಲೇ ನಮ್ ಕಣ್ಮುಂದೆ ಇರೋಗಂಟ ಮಿಷನ್ ನಿಲ್ಲಕಿಲ್ಲ ಬುಡಿ."

ಕೇಳಿಸದವಳಂತೆ ನಾನು ಎರಡನೇ ಲೋಟಕ್ಕೆ ಕೈಚಾಚಿದೆ.