ನೆಂಟರ ಪಾವು ಸೇರಿಸಿ ನೂರೈವತ್ತು ವ್ಯಾಟ್

ನಮ್ಮ ಸೋದರಮಾವನಿಗೆ ಮನುಷ್ಯರ ಹೆಸರು ನೆನಪಿರುವುದಿಲ್ಲ. ವ್ಯಾಟ್ ಮಾತ್ರ ನೆನಪಿರುತ್ತದೆ! ನಗಬೇಡಿ, ನೀವೇನಾದರೂ ಅವನ ಕಣ್ಣಿಗೆ ಬಿದ್ದರೆ ನಿಮಗೂ ಒಂದು ನಂಬರು ಕೊಟ್ಟೇ ಕಳಿಸುತ್ತಾನೆ ಪುಣ್ಯಾತ್ಮ.

ಸಕಲೇಶಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಅಪ್ಪ ಅವನ ಲೆಕ್ಕದಲ್ಲಿ ನೂರು ವ್ಯಾಟಿನ ಬಲ್ಬು. "ಬೆಳಕು ಕಮ್ಮಿ, ಕಾವು ಜಾಸ್ತಿ!" ಸ್ವಂತ ಹೆಂಡತಿ, ಅಂದರೆ ನನ್ನ ಅತ್ತೆ, ಏಳುನೂರೈವತ್ತು ವ್ಯಾಟಿನ ಇಸ್ತ್ರಿಪೆಟ್ಟಿಗೆ. "ಮುಟ್ಟಂಗಿಲ್ಲ. ಆದ್ರೆ ಮನೆ ಸುಕ್ಕೆಲ್ಲಾ ತೆಗ್ದಿರೋದು ಅವ್ಳೇ ಕಣೋ." ಪಂಚಾಯ್ತಿಯ ಚೇರ್ಮನ್ನರು ಮದುವೆ ಮನೆಯ ಸೀರಿಯಲ್ ಸೆಟ್ಟು. ಇನ್ನು ನಾನು? ನಾನು ಜೀರೋ ಬಲ್ಬು!

ಪಿಯುಸಿ ಮುಗಿಸಿ ಎರಡು ವರ್ಷದಿಂದ ಆನೇಮಹಲಿನ ನಮ್ಮ ಮನೆಯಲ್ಲಿ ಅಕ್ಕಿ ಆರಿಸಿಕೊಂಡು ಕೂತಿದ್ದ ಹುಡುಗಿಗೆ ಹೇಳುವ ಮಾತೇ ಇದು? ನಾನು ಮುಖ ಊದಿಸಿಕೊಂಡರೆ ಮಾವ ಮೆಲ್ಲಗೆ ತಲೆ ಸವರುತ್ತಿದ್ದ. "ಬೇಜಾರ್ ಮಾಡ್ಕಬ್ಯಾಡ ಕಣೇ ಕೂಸೇ. ಬಲ್ಬಲ್ಲಿ ಐಬಿಲ್ಲ. ನಿಂಗೆ ಬರೋ ಸಪ್ಲೈ ಸಾಲ್ತಿಲ್ಲ ಅಷ್ಟೇಯ."

ಮಾವನ ಮನೆ ಇರುವುದು ದೋಣಿಗಲ್ ಹತ್ತಿರ. ಎಂಟೆಕರೆ ಕಾಫಿ. ಆದರೆ ಕಾಫಿಗಿಂತ ಹುಲುಸಾಗಿ ಬೆಳೆದಿರುವುದು ಅವನ ಜಗಲಿಯ ತಂತಿಗಳು. ಹುಡುಗನಾಗಿದ್ದಾಗ ಅಂಚೆಯ ಮೂಲಕ ರೇಡಿಯೋ ರಿಪೇರಿ ಕಲಿತವನು. ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ದೇವರ ಫೋಟೋಗಳ ನಡುವೆ ತೂಗುಹಾಕಿದ್ದಾನೆ. ಅತ್ತೆ ದಿನಾ ಪೂಜೆಯ ಹೊತ್ತಿಗೆ ಅದಕ್ಕೂ ಒಂದು ಹೂವು ಇಡುತ್ತಾಳೆ. ಭಕ್ತಿಯಿಂದಲ್ಲ, ಬಿಟ್ಟರೆ ಈ ಮನುಷ್ಯ ಜಗಳಕ್ಕೆ ಬರುತ್ತಾನೆ ಎಂದು!

ಮಾವನ ಇನ್ನೊಂದು ಹಟ ಇದಕ್ಕಿಂತ ದೊಡ್ಡದು. ಸತ್ತರೂ ಯಾರ ಹತ್ತಿರವೂ ಏನನ್ನೂ ಕೇಳುವವನಲ್ಲ. ಸಾಲ ಬಿಡಿ, ಸ್ಕ್ರೂಡ್ರೈವರ್ ಬಿಡಿ, ದಾರಿಯನ್ನೂ ಕೇಳುವುದಿಲ್ಲ! ಒಮ್ಮೆ ಆಲೂರಿನ ಕಡೆ ನೆಂಟರ ಮದುವೆಗೆಂದು ಒಬ್ಬನೇ ಹೊರಟ. ಊರೊಳಗೆ ಎರಡು ಚಪ್ಪರ ಇದ್ದವು. ಯಾವುದು ನಮ್ಮದು ಎಂದು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ. ಹತ್ತಿರದ ಚಪ್ಪರಕ್ಕೆ ನುಗ್ಗಿ, ಗುರುತಿಲ್ಲದ ಗಂಡು ಹೆಣ್ಣಿಗೆ ಅಕ್ಷತೆ ಹಾಕಿ, ಮುಯ್ಯಿ ಓದಿಸಿ, ಎರಡು ಸಲ ಪಾಯಸ ಹಾಕಿಸಿಕೊಂಡು ಬಂದ. "ಗೊತ್ತಾದ ಮೇಲೂ ಊಟ ಮಾಡ್ದಾ ಮಾವ?" ಅಂದರೆ, "ಎಲೆ ಮುಂದೆ ಕೂತ್ಮೇಲೆ ಏಳೋದು ಅಪಶಕುನ ಕಣೇ" ಎಂದ. ಆ ಮನೆಯವರು ಈಗಲೂ ನಮ್ಮ ಮನೆಯ ಶುಭಕಾರ್ಯಗಳಿಗೆಲ್ಲ ಬರುತ್ತಾರೆ. ಹೇಗೆ ನೆಂಟರು ಅಂತ ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ!

ಇಂಥ ಮಾವ ಮೂರು ವರ್ಷದ ಹಿಂದೆ ಯಾವುದೋ ಪತ್ರಿಕೆಯಲ್ಲಿ ಕಂಪ್ಯೂಟರಿನ ಚಿತ್ರ ನೋಡಿಬಿಟ್ಟ. "ಇದನ್ನ ನಾವೇ ಜೋಡಿಸ್ಬೌದು ಕಣೇ ಕೂಸೇ" ಎಂದ. ನಮ್ಮ ಕಡೆ ಆಗ ಟಿ.ವಿ. ಇದ್ದ ಮನೆಗೇ ಜನ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದ ಕಾಲ. ಕಂಪ್ಯೂಟರ್ ಯಾಕೆ ಬೇಕು ಎಂದು ಅತ್ತೆ ಕೇಳಿದಳು. "ಕೆಲಸಕ್ಕಲ್ಲ ಕಣೇ, ಕಲಿಯಕ್ಕೆ" ಎಂದ.

ಬಿಡಿಭಾಗ ತರಲು ನಾವಿಬ್ಬರೂ ಬೆಂಗಳೂರಿಗೆ ಹೋದೆವು. ದಾರಿ ಕೇಳುವ ಹಾಗಿಲ್ಲವಲ್ಲ! ಎಲೆಕ್ಟ್ರಾನಿಕ್ಸ್ ಅಂಗಡಿಗಳಿದ್ದ ಬೀದಿಯ ಬೋರ್ಡುಗಳನ್ನೆಲ್ಲ ಒಂದೊಂದಾಗಿ ಓದುತ್ತ ಮೂರು ಸುತ್ತು ಹಾಕಿ ಅಂಗಡಿ ಹಿಡಿದೆವು. ಕಂಪ್ಯೂಟರಿನ ಬೋರ್ಡು, ಎರಡು ಫ್ಲಾಪಿ ಡ್ರೈವು, ಹಸಿರು ಅಕ್ಷರದ ಪರದೆ, ಎಲ್ಲ ಆಯಿತು. ಕೊನೆಗೆ ಇವಕ್ಕೆಲ್ಲ ಕರೆಂಟು ಹಂಚುವ ಪವರ್ ಸಪ್ಲೈ ಪೆಟ್ಟಿಗೆಯ ವಿಷಯ ಬಂತು. ಅಂಗಡಿಯವನು ಚೀಟಿಯ ಮೇಲೆ ಕೂಡಿಸಿ ತೋರಿಸಿದ.

"ನೋಡಿ ಸಾರ್, ಬೋರ್ಡಿಗೆ ಮೂವತ್ತು, ಎರಡು ಡ್ರೈವಿಗೆ ಇಪ್ಪತ್ತು, ಮಿಕ್ಕಿದ್ದಕ್ಕೆ ಹತ್ತು. ಒಟ್ಟು ಅರವತ್ತು. ಅರವತ್ತೈದು ವ್ಯಾಟಿಂದು ಧಾರಾಳವಾಗಿ ಸಾಕು."

ಮಾವ ಅವನನ್ನೇ ನೋಡಿದ. "ನಿಮ್ಮನೇಲಿ ಎಷ್ಟು ಜನ ಇದೀರಿ?"

"ನಾಲ್ಕು ಜನ ಸಾರ್."

"ಎಷ್ಟು ಜನಕ್ಕೆ ಅನ್ನ ಮಾಡ್ತಾರೆ?"

"ನಾಲ್ಕೇ ಜನಕ್ಕೆ. ಯಾಕೆ ಸಾರ್?"

"ಅದ್ಕೇ ನಿಮ್ಗೆ ಈ ಲೆಕ್ಕ ಬರಲ್ಲ! ನಮ್ಮನೇಲಿ ಇರೋರು ಇಬ್ರು. ನಮ್ಮೋಳು ದಿನಾ ಅಕ್ಕಿ ಅಳೆಯೋವಾಗ ಒಂದು ಪಾವು ಜಾಸ್ತಿ ಹಾಕ್ತಾಳೆ. ಅದು ನೆಂಟರ ಪಾವು. ಇವತ್ತು ಯಾರೂ ಬರಲ್ಲ, ನಾಳೇನೂ ಬರಲ್ಲ. ಬಂದ ದಿನ 'ತಡೀರಿ, ಈಗ ಎಸರಿಡ್ತೀನಿ' ಅಂದ್ರೆ ಮನೆ ಮರ್ಯಾದೆ ಉಳೀತದೇನ್ರೀ?"

"ಕಂಪ್ಯೂಟರಿಗೆ ಯಾವ ನೆಂಟರು ಬರ್ತಾರೆ ಸಾರ್?"

"ಬರ್ತಾರೆ. ಮುಂದೆ ಈ ಹುಡುಗಿ ಇನ್ನೇನೋ ಕಲಿತು ಹೊಸ ಕಾರ್ಡೊಂದು ತಂದು ಸಿಗ್ಸ್ತಾಳೆ. ಅವಾಗ ಅನ್ನ ಸಾಲ್ದೆ ಹೋದ್ರೆ? ನೂರೈವತ್ತು ವ್ಯಾಟಿಂದು ಕೊಡಿ!"

ಅಂಗಡಿಯವನು ನಗುತ್ತ ಕೊಟ್ಟ. ಮಾವನ ಮಾತು ನೂರಕ್ಕೆ ನೂರು ಸರಿ ಎಂದು ಈಗ ನಾನು ಎದೆ ತಟ್ಟಿ ಹೇಳಬಲ್ಲೆ. ಮೈಮುರಿಯುವಂತೆ ದುಡಿಸಿದ ಪವರ್ ಸಪ್ಲೈ ಬಿಸಿಯಾಗಿ ಬೇಗ ಸಾಯುತ್ತದೆ. ಸ್ವಲ್ಪ ಮಿಗತೆ ಇಟ್ಟುಕೊಂಡದ್ದು ತಣ್ಣಗೆ ಬಾಳುತ್ತದೆ.

ಮಳೆಗಾಲವೆಲ್ಲ ಜೋಡಿಸುವುದರಲ್ಲಿ ಕಳೆಯಿತು. ಬೆಸುಗೆ ಹಾಕುವ ಕೆಲಸ ನನ್ನದು, ಬೈಯುವ ಕೆಲಸ ಮಾವನದು. ಒಂದು ದಿನ ಬೆಳಗ್ಗೆ ಸ್ವಿಚ್ ಒತ್ತಿದರೆ ಪರದೆಯ ಮೇಲೆ ಹಸಿರು ಅಕ್ಷರ! ಅತ್ತೆ ಒಳಗಿನಿಂದ ಓಡಿಬಂದು ದೃಷ್ಟಿ ತೆಗೆದಳು. ನಾನು ಬೆಸೆದದ್ದು ಉರಿಯುತ್ತಿದೆ ಎಂಬ ಸಂತೋಷವನ್ನು ಅದುವರೆಗೆ ನಾನು ಉಂಡಿರಲಿಲ್ಲ.

ಆ ಸಂತೋಷ ಸಂಜೆ ಆರರವರೆಗೆ. ಯಾಕೆಂದರೆ ಆಗಲೇ ಕಾಫಿ ಕುಯ್ಲು ಶುರುವಾಗಿತ್ತು. ಹಗಲು ಕೊಯ್ದ ಹಣ್ಣನ್ನು ಅದೇ ಸಂಜೆ ಪಲ್ಪರ್ ಯಂತ್ರಕ್ಕೆ ಹಾಕಿ ಸಿಪ್ಪೆ ಬಿಡಿಸಬೇಕು. ಮಾವನ ಮನೆಗೂ ಪಕ್ಕದ ಮೂರು ತೋಟಗಳಿಗೂ ಒಂದೇ ಟ್ರಾನ್ಸ್‌ಫಾರ್ಮರ್. ಆರಕ್ಕೆ ಸರಿಯಾಗಿ ಮೂರೂ ಪಲ್ಪರುಗಳ ಮೋಟಾರುಗಳು ಗುರ್ರೆಂದವು. ಮನೆಯ ಬಲ್ಬು ಕೆಂಪಗಾಗಿ ಅದರೊಳಗಿನ ತಂತಿ ಕಾಣಿಸಿತು. ಕಂಪ್ಯೂಟರ್ 'ಕುಂಯ್' ಎಂದು ಕಣ್ಣು ಮುಚ್ಚಿತು!

ಮನೆಯೊಳಗಿನ ವ್ಯಾಟನ್ನೆಲ್ಲ ಕೂಡಿಸಿ, ಮೇಲೆ ನೆಂಟರ ಪಾವನ್ನೂ ಸೇರಿಸಿದ ಮಹಾನುಭಾವ ಬೇಲಿಯಾಚೆಗಿನ ಪಲ್ಪರ್ ಮರೆತಿದ್ದ. ಹಂಡೆ ದೊಡ್ಡದಾದರೆ ಸಾಕೇ? ಬಾವಿಯಲ್ಲಿ ನೀರು ಬೇಡವೇ?

ಮಾವ ಒಂದು ಸ್ಟೆಬಿಲೈಸರ್ ತಂದ. ವೋಲ್ಟೇಜ್ ತೀರಾ ಇಳಿದದ್ದು ನೋಡಿ ಅದೂ ಕೈ ಚೆಲ್ಲಿತು. ಅದರ ಹಿಂದೆ ಇನ್ನೊಂದನ್ನು ಕಟ್ಟಿದ. ಒಂದು 'ಟಕ್' ಎಂದರೆ ಇನ್ನೊಂದು 'ಟಕ ಟಕ' ಎನ್ನುತ್ತ ಎರಡೂ ಜಗಳಕ್ಕೆ ಬಿದ್ದವು. "ಇದ್ರಲ್ಲಿ ಗಂಡ ಯಾವ್ದು, ಹೆಂಡ್ತಿ ಯಾವ್ದು?" ಎಂದಳು ಅತ್ತೆ. "ಜಾಸ್ತಿ ಸದ್ದು ಮಾಡೋದು..." ಎಂದು ಶುರು ಮಾಡಿದ ಮಾವ, ಅತ್ತೆಯ ಕೈಯಲ್ಲಿದ್ದ ಸೌಟು ನೋಡಿ ಸ್ಕ್ರೂ ಹುಡುಕಲು ಮಂಚದ ಕೆಳಗೆ ಹೋದ.

ನಾನು ಮೆಲ್ಲಗೆ ಅಂದೆ. "ಮಾವ, ಪಕ್ಕದ ತೋಟದ ಗೌಡ್ರಿಗೆ ಒಂದು ಮಾತು ಕೇಳಿದ್ರೆ? ಒಂದಿನ ಪಲ್ಪರ್ ತಡವಾಗಿ ಹಾಕ್ತಾರಪ್ಪ."

"ಕೇಳೋದಾ? ನಾನಾ?" ಮಾವ ನನ್ನನ್ನು ನೋಡಿದ ರೀತಿಗೆ ನಾನು ಅಡುಗೆಮನೆ ಸೇರಿಕೊಂಡೆ.

ಡಿಸೆಂಬರಿನಲ್ಲಿ ಒಂದು ಸುದ್ದಿ ಬಂತು. ಜನವರಿಯಿಂದ ಹಾಸನದಲ್ಲಿ ಹುಡುಗಿಯರಿಗೂ ಎಲೆಕ್ಟ್ರಾನಿಕ್ಸ್ ತರಬೇತಿಯಂತೆ. ಅರ್ಜಿಗೆ ತಂದೆಯ ಸಹಿ ಬೇಕಂತೆ. ಅರ್ಜಿ ಮುಂದಿಟ್ಟರೆ ಅಪ್ಪ ಮಾವನ ಕಡೆ ತಿರುಗಿದ.

"ಏನ್ ಭಾವ, ನನ್ ಮಗಳನ್ನ ಲೈಟ್ ಕಂಬ ಹತ್ತಿಸ್ಬೇಕು ಅಂತಿದ್ದೀಯಾ? ನೀವಿಬ್ರೂ ಸೇರಿ ಆರು ತಿಂಗ್ಳಿಂದ ಅದೇನೋ ಪೆಟ್ಗೆ ಕಟ್ತಿದ್ದೀರಿ. ನಾನು ಬಂದಾಗೆಲ್ಲ ಅದು ಮಲ್ಗೇ ಐತೆ. ಒಂದು ಸಲ, ಒಂದೇ ಸಲ, ನನ್ ಕಣ್ಮುಂದೆ ಅರ್ಧ ಗಂಟೆ ಉರೀಲಿ. ಸೈನ್ ಹಾಕ್ತೀನಿ. ಇಲ್ದಿದ್ರೆ ಈ ಮಾತು ಇವತ್ತಿಗೇ ಮುಗೀತು."

ಅಪ್ಪ ಅಂಗಡಿ ಮುಚ್ಚಿ ದೋಣಿಗಲ್ ಮುಟ್ಟುವುದೇ ಸಂಜೆ ಆರಕ್ಕೆ. ಪಲ್ಪರುಗಳು ಶುರುವಾಗುವುದೂ ಆರಕ್ಕೆ! ಅಪ್ಪ ಬರುತ್ತೇನೆಂದ ದಿನದ ಮರುದಿನವೇ ಅರ್ಜಿಗೆ ಕೊನೆಯ ದಿನ. ಅಂದರೆ ಆ ಒಂದು ಸಂಜೆ ತಪ್ಪಿದರೆ ನಾನು ಮತ್ತೆ ಅಕ್ಕಿ ಆರಿಸಲು ಕೂರಬೇಕು, ಅಷ್ಟೇ.

ಆ ದಿನ ನಾನು ಬೆಳಗ್ಗೆಯೇ ಮಾವನ ಮನೆಗೆ ಹೋದೆ. ಮಾವ ಇರಲಿಲ್ಲ. ಐದು ಗಂಟೆಗೆ ಬಂದ, ಮೊಳಕಾಲವರೆಗೆ ಧೂಳು. "ಎಲ್ಲಿಗ್ ಹೋಗ್ಬುಟ್ಟಿದ್ರಿ?" ಎಂದು ಅತ್ತೆ ರೇಗಿದರೆ, "ಗಾಳಿ ತಗಳಕ್ಕೆ" ಎಂದ.

ಆರಕ್ಕೆ ಅಪ್ಪ ಬಂದು ಕುರ್ಚಿ ಎಳೆದು ಕೂತ. ನಾನು ಸ್ವಿಚ್ ಒತ್ತಿದೆ. ಸೆಕೆಂಡಿಗೊಂದರಂತೆ ಒಂದರಿಂದ ಸಾವಿರದ ಎಂಟುನೂರರವರೆಗೆ ಎಣಿಸುವಂತೆ ಕಂಪ್ಯೂಟರಿಗೆ ಹೇಳಿಕೊಟ್ಟಿದ್ದೆ. ಸರಿಯಾಗಿ ಅರ್ಧ ಗಂಟೆ. ಒಂದು, ಎರಡು, ಮೂರು... ನಾಲ್ಕು ಜನ ಹಸಿರು ಅಂಕಿ ನೋಡುತ್ತ ಕೂತೆವು. ಭಾನುವಾರದ ಸಿನಿಮಾವನ್ನೂ ಇಷ್ಟು ಶ್ರದ್ಧೆಯಿಂದ ನೋಡಿದವರಲ್ಲ!

ಇನ್ನೂರಕ್ಕೆ ಅಪ್ಪ, "ನಾಳೆ ಮಳೆ ಬರ್ತದಾ, ಕೇಳು ಅದನ್ನ" ಎಂದ. "ಅದು ಕಂಪ್ಯೂಟರ್ ಭಾವ, ಕಣಿ ಹೇಳೋಳಲ್ಲ" ಎಂದ ಮಾವ. ಐನೂರಾಯಿತು. ಬಲ್ಬು ಕೆಂಪಾಗಲಿಲ್ಲ. ಸಾವಿರ ದಾಟಿತು. ನನಗೆ ಬಲ್ಬು ನೋಡುವ ಧೈರ್ಯವೂ ಇಲ್ಲ, ನೋಡದಿರುವ ಧೈರ್ಯವೂ ಇಲ್ಲ. "ಇನ್ನೂ ಎಷ್ಟು ದೂರ ಹೋಗ್ತದೆ ಇದು? ಪಾಪ, ಸುಸ್ತಾಗಲ್ವಾ?" ಎಂದಳು ಅತ್ತೆ. ಮಾವ ಗಡಿಯಾರವನ್ನೇ ನೋಡುತ್ತಿದ್ದ.

ಸಾವಿರದ ಎಂಟುನೂರು! ಎಣಿಕೆ ನಿಂತಿತು, ಪರದೆ ಉರಿಯುತ್ತಲೇ ಇತ್ತು. ಅಪ್ಪ ಕೈ ಚಾಚಿ, "ಪೆನ್ ಕೊಡೇ" ಎಂದ. ನಾನು ಅಳುತ್ತಿದ್ದೆ. ಮಾವ ಎದ್ದುನಿಂತು ಕೂಗಿದ. "ನೋಡಿದ್ಯಾ ಭಾವ? ನೂರೈವತ್ತು ವ್ಯಾಟ್! ನೆಂಟರ ಪಾವು!" ಆ ಮೇಲೆ ಆರು ತಿಂಗಳು, ಸಿಕ್ಕವರಿಗೆಲ್ಲ ಅದೇ ಕಥೆ, ಅದೇ ಜಂಬ!

ನಾನು ಕಲಿತು ಬಂದೆ. ಸಕಲೇಶಪುರದ ಬಸ್‌ಸ್ಟ್ಯಾಂಡ್ ಹತ್ತಿರ ಚಿಕ್ಕದೊಂದು ರಿಪೇರಿ ಅಂಗಡಿ ತೆರೆದೆ. ಟಿ.ವಿ., ರೇಡಿಯೋ, ಸ್ಟೆಬಿಲೈಸರ್, ಏನು ಕೆಟ್ಟರೂ ತನ್ನಿ. ಅಂಗಡಿಯಲ್ಲಿ ಮೊದಲು ಕುರ್ಚಿ ಹಾಕಿಕೊಂಡು ಕೂತವನು ಅಪ್ಪನೇ.

ಹೋದ ತಿಂಗಳು ಮಾವನ ಪಕ್ಕದ ತೋಟದ ಗೌಡರು ಕೆಟ್ಟ ಸ್ಟೆಬಿಲೈಸರ್ ಒಂದನ್ನು ಹಿಡಿದುಕೊಂಡು ಬಂದರು. ನಾನು ಬಿಚ್ಚುವುದನ್ನೇ ನೋಡುತ್ತ ನಕ್ಕರು.

"ಅವತ್ತು ನಿಮ್ಮಾವ ಬಂದು ನಿಂತಿದ್ದಕ್ಕೂ ಸಾರ್ಥಕ ಆಯ್ತು ಕಣಮ್ಮ."

"ಯಾವತ್ತು ಗೌಡ್ರೇ?"

"ನಿಂಗೊತ್ತಿಲ್ವಾ? ನಿಮ್ಮಪ್ಪ ಮಿಷನ್ ನೋಡಕ್ಕೆ ಬಂದ ದಿನ. ಮಧ್ಯಾಹ್ನ ಬಂದು ನಮ್ ಪಲ್ಪರ್ ಮನೆ ಬಾಗ್ಲಲ್ಲಿ ಟೋಪಿ ಕೈಲಿ ಹಿಡ್ಕಂಡು ನಿಂತಿದ್ದ. ಬಾಯೇ ಬರ್ಲಿಲ್ಲ ಅವ್ನಿಗೆ. ಆಮೇಲೆ, 'ಇವತ್ತು ಒಂದು ಗಂಟೆ ತಡವಾಗಿ ಹಾಕಿ ಗೌಡ್ರೇ, ಕೈ ಮುಗೀತೀನಿ' ಅಂದ. ಏನ್ ಮಾರಾಯ, ಹಣ್ಣು ರಾಶಿ ಬಿದ್ದೈತೆ, ಆಳು ಕಾಯ್ತಾವ್ರೆ, ನಿನ್ ಮಿಷನ್ನಿಗೋಸ್ಕರ ನಿಲ್ಲಿಸ್ಲಾ ಅಂದೆ. 'ಮಿಷನ್ ಹಾಳಾಗೋಗ್ಲಿ ಕಣ್ರೀ, ನಮ್ ಹುಡುಗೀಗೆ ಸಪ್ಲೈ ಸಾಲ್ತಿಲ್ಲ' ಅಂದ. ಹಂಗೇ ಇನ್ನೆರಡು ತೋಟಕ್ಕೂ ನಡ್ಕಂಡ್ ಹೋದ."

ಆ ಸಂಜೆ ಬಲ್ಬು ಯಾಕೆ ಕೆಂಪಾಗಲಿಲ್ಲ ಎಂದು ನನಗೆ ಆಗ ಹೊಳೆಯಿತು. ದಾರಿ ಕೇಳಲಾರದೆ ಯಾರದೋ ಮದುವೆಯಲ್ಲಿ ಉಂಡು ಬಂದ ಮಾವ, ನನಗಾಗಿ ಮೂರು ಬಾಗಿಲಲ್ಲಿ ಕೈಮುಗಿದು ಕೇಳಿದ್ದ.

ಗೌಡರ ಕೆಲಸ ಮುಗಿಸಿ, ಅಂಗಡಿಗೆ ಬೀಗ ಹಾಕಿ, ಸಿಕ್ಕಿದ ಬಸ್ಸು ಹತ್ತಿ ದೋಣಿಗಲ್ಲಿಗೆ ಹೋದೆ. ಮಾವ ಜಗಲಿಯಲ್ಲಿ ತಂತಿ ಸುತ್ತುತ್ತಿದ್ದ. ಕೇಳಿಯೇಬಿಟ್ಟೆ.

"ಆ ಗೌಡ ಸುಳ್ಳುಬುರುಕ! ನಾನು ಯಾರನ್ನೂ ಏನೂ ಕೇಳೋನಲ್ಲ. ಅದು ನೂರೈವತ್ತು ವ್ಯಾಟಿನ ಮಹಿಮೆ ಕಣೇ" ಎಂದು ಮುಖ ಆ ಕಡೆ ತಿರುಗಿಸಿದ.

ಒಳಗಿಂದ ಅತ್ತೆ ಊಟಕ್ಕೆ ಕರೆದಳು. ಬರುತ್ತೇನೆಂದು ನಾನು ಯಾರಿಗೂ ಹೇಳಿ ಕಳಿಸಿರಲಿಲ್ಲ. ಆದರೂ ನನ್ನ ತಟ್ಟೆಗೆ ಹೊಟ್ಟೆ ತುಂಬುವಷ್ಟು ಅನ್ನ ಇತ್ತು.