ಕಸೂತಿಯ ಕವಚ ತೊಟ್ಟ ಗಣಕಯಂತ್ರ

ಹೊದಿಕೆಯೇ ಇರಬಹುದೇ? ಅಲ್ಲ, ಇರಲಾರದು, ಇರಕೂಡದು. ವಿದ್ಯುತ್ತಿನ ಏರಿಳಿತವಿದ್ದೀತು, ಧೂಳಿದ್ದೀತು, ವೈರಸ್ ಇದ್ದೀತು, ಮುಪ್ಪಿದ್ದೀತು. ಒಂದು ಯಂತ್ರ ಕೆಡುವುದಕ್ಕೆ ಈ ಲೋಕದಲ್ಲಿ ಕಾರಣಗಳಿಗೆ ಬರವೇ? ಆದರೆ ಅಂಗೈ ಬೇರೆಯದನ್ನೇ ಹೇಳುತ್ತಿತ್ತು. ಗಣಕಯಂತ್ರದ ಪೆಟ್ಟಿಗೆಯ ಮೇಲೆ ರೊಟ್ಟಿಯ ಹಂಚಿನಂತೆ ಕಾದಿದ್ದ ಆ ಹೊದಿಕೆಗೆ ಕೈಯಿಟ್ಟು, ತಟ್ಟನೆ ಕಪ್ಪಾದ ಪರದೆಯಲ್ಲಿ ತನ್ನದೇ ಮೋರೆಯನ್ನು ನೋಡುತ್ತ ಕುಳಿತಿದ್ದ ಅಂದಾನಪ್ಪ ಮಜ್ಜಿಗುಡ್ಡನಿಗೆ, ತನ್ನ ಗುಮಾನಿ ನಿಜವಾದೀತೆಂಬ ಭಯವು ಯಂತ್ರ ಸತ್ತುಹೋದೀತೆಂಬ ಭಯಕ್ಕಿಂತ ದೊಡ್ಡದಾಗಿತ್ತು.

ಸಹನಶೀಲರಾದ ಓದುಗರೇ, ಲಾಲಿಸಿರಿ. ಅಂಗೈಯಗಲದ ಫೋನುಗಳಲ್ಲಿ ಅಖಿಲ ಬ್ರಹ್ಮಾಂಡವೇ ಅಡಗಿಕೊಂಡು, ಮೇಜಿನ ಮೇಲಿನ ಮಹಾಗಣಕಗಳ ಕುಲವೆಲ್ಲ ಒಂದೊಂದಾಗಿ ಗುಜರಿಯ ದಾರಿ ಹಿಡಿದಿದ್ದ ಕಾಲವದು. ಅಂಥ ಕಾಲದಲ್ಲಿ, ಬೆಟಗೇರಿಯ ಮಗ್ಗಗಳ ಖಟಖಟನಾದದಿಂದ ಬೆಳಗಾಗುವ ಓಣಿಯೊಂದರಲ್ಲಿ, ಗ್ರಂಥಪಾಲಕುಲತಿಲಕನೂ, ಮಿತಭಾಷಿಗಳ ಸಭೆಯಲ್ಲಿ ಎಲ್ಲರಿಗಿಂತ ಮೊದಲು ಸುಮ್ಮನಾಗುವವನೂ, ವಾಮಹಸ್ತದಲ್ಲಿ ಚಹಾದ ಕಪ್ಪನ್ನೂ ದಕ್ಷಿಣಹಸ್ತದಲ್ಲಿ ಮೌಸನ್ನೂ ಧರಿಸಿ ಎದುರಾಳಿಯೇ ಇಲ್ಲದ ಇಸ್ಪೀಟಿನ ರಣಾಂಗಣದಲ್ಲಿ ನಾಲ್ಕು ಜಾತಿಯ ರಾಜರನ್ನು ಸಾಲುಗಟ್ಟಿಸಿ ನಿಲ್ಲಿಸಬಲ್ಲ ಏಕಾಂಗಕ್ರೀಡಾಧುರಂಧರನೂ ಆದ ಅಂದಾನಪ್ಪನು ವಾಸವಾಗಿದ್ದನು. ಕಾಲೇಜಿನ ಗ್ರಂಥಾಲಯದಲ್ಲಿ ದಿನವಿಡೀ ಇತರರಿಗೆ ಮೌನವನ್ನು ಬೋಧಿಸಿ ಮನೆಗೆ ಬರುತ್ತಿದ್ದ ಆತನು, ಅದೇ ಮೌನವನ್ನು ಮನೆಯಲ್ಲಿ ಯಾರೂ ಬೋಧಿಸದೆಯೇ ಪಾಲಿಸುತ್ತಿದ್ದನು.

ಆತನ ಯಂತ್ರವಾದರೋ ಸಾಮಾನ್ಯವಾದುದಲ್ಲ. ಮುಚ್ಚಿಹೋದ ಸೈಬರ್ ಕೆಫೆಯೊಂದರಿಂದ ಕೈದಾಟಿ ಬಂದದ್ದು. ಅಸಂಖ್ಯ ಅರ್ಜಿದಾರರ ಬೆರಳುಗಳಿಂದ ಸವೆದ ಅಕ್ಷರಗಳ ಕೀಲಿಮಣೆಯುಳ್ಳದ್ದು. ಪ್ರತಿ ಬಾರಿ ಎಚ್ಚರಗೊಂಡಾಗಲೂ ಎಂದೋ ಕಳೆದುಹೋದ ಜನವರಿ ಒಂದೇ ಇಂದಿನ ದಿನವೆಂದು ಸಾಧಿಸುತ್ತ ಕಾಲಪುರುಷನನ್ನೇ ಧಿಕ್ಕರಿಸುವಂಥದು. ಒಳಗಿನ ಪುಟ್ಟ ಬ್ಯಾಟರಿ ಸತ್ತದ್ದರಿಂದ ಹಾಗಾಗುತ್ತದೆಂದು ತಿಳಿದವರು ಹೇಳುತ್ತಾರೆ. ಅಂದಾನಪ್ಪನಿಗೆ ಅದೊಂದು ದೋಷವೆನ್ನಿಸಿರಲಿಲ್ಲ.

ಈ ಯಂತ್ರವನ್ನು ಆತನು ಮನೆಯಲ್ಲಿ ಕೇಳದೆ ತಂದಿದ್ದನು. ಇದೇ ಆತನ ಬಾಳಿನ ಏಕೈಕ ದಂಡಯಾತ್ರೆ. ಸೂಚೀಹಸ್ತೆಯೂ, ಎಳೆಯೆಣಿಕೆಯ ಕಸೂತಿವಿದ್ಯೆಯಲ್ಲಿ ಇಡೀ ಓಣಿಗೆ ಗುರುವೂ, ಸಿಟ್ಟು ಬಂದಾಗ ಒಂದೂ ಮಾತಾಡದೆ ಸ್ಟೀಲಿನ ಪಾತ್ರೆಗಳ ಮೂಲಕವೇ ಸಮಸ್ತವನ್ನೂ ಅರುಹಬಲ್ಲವಳೂ ಆದ ಆತನ ಪತ್ನಿ ನೀಲಾಂಬಿಕೆಯು ಅಂದಿನಿಂದ ಮಳೆಗಾಲ ಮುಗಿಯುವವರೆಗೂ ಆತನೊಡನೆ ಪಾತ್ರೆಗಳ ಮೂಲಕವೇ ಮಾತಾಡಿದಳು. ಆತನೂ ಮಾತಾಡಲಿಲ್ಲ, ಕ್ಷಮೆ ಕೇಳುವ ಬಗೆ ಗೊತ್ತಿರಲಿಲ್ಲ. ಆಮೇಲೊಂದು ಸಂಜೆ ಆತನು ಮನೆಗೆ ಬಂದು ನೋಡಿದರೆ, ಯಂತ್ರದ ಪೆಟ್ಟಿಗೆಯು ಹೊದಿಕೆ ಹೊದ್ದು ಕುಳಿತಿತ್ತು. ಹಳೆಯ ಸೀರೆಗಳನ್ನು ಮೂರು ಪದರಾಗಿ ಕೌದಿಯಂತೆ ಹೊಲಿದು, ಮೇಲೆ ಕಸೂತಿಯಲ್ಲಿ ನವಿಲು, ಆನೆ, ಗೋಪುರಗಳನ್ನು ತುಂಬಿದ ಹೊದಿಕೆ. ಒಂದೂ ಗಂಟಿಲ್ಲ. ಒಳಗೂ ಹೊರಗೂ ಒಂದೇ ಚಿತ್ತಾರ. ಗುಂಡಿ ಒತ್ತುವುದಕ್ಕೆ ಮುಂದೊಂದು ಪುಟ್ಟ ಕಿಟಕಿ, ವೈರುಗಳಿಗೆ ಹಿಂದೊಂದು ತೂತು, ಬದಿಗೆ ಬಿಗಿಯಾಗಿ ಕಟ್ಟುವ ಲಾಡಿಗಳು. ಆ ರಾತ್ರಿ ಅವಳೇ ತಾಟಿಗೆ ರೊಟ್ಟಿ ಬಡಿಸುತ್ತ, "ಪಲ್ಯಾಕ ಉಪ್ಪು ಬೇಕೇನ್ರಿ?" ಎಂದು ಕೇಳಿದಳು. ಸಂಧಿಯಾಯಿತು. ಅದರ ಕುರಿತು ಇಬ್ಬರೂ ಒಂದಕ್ಷರ ಆಡಲಿಲ್ಲ.

ಅಂಥ ಹೊದಿಕೆಯನ್ನು ಈಗ ಅಪರಾಧಿಯೆನ್ನುವುದು ಹೇಗೆ? ಅದನ್ನು ದೂರುವುದೆಂದರೆ ಆ ಸಂಧಿಯನ್ನೇ ಹರಿದೊಗೆದಂತೆ. ಮತ್ತೆ ಪಾತ್ರೆಗಳು ಮಾತಾಡತೊಡಗುವವು.

"ರೀ, ಮತ್ತ ಬಂದ್ ಆತೇನು?" ನೀಲಾಂಬಿಕೆ ಅಡುಗೆಮನೆಯಿಂದ ಕೈಯೊರೆಸಿಕೊಳ್ಳುತ್ತ ಬಂದಳು.

"ಹೂಂ."

"ಬೆಳಗ್ಗಿಂದ ಮಾರಿ ಸಣ್ಣದ ಮಾಡ್ಕೊಂಡು ಕುಂತೀರಿ. ನೋಡಾಕ ಆಗಲಿಲ್ಲ ನನಗ. ಈರಣ್ಣಗ ಫೋನ್ ಹಚ್ಚೀನಿ. ಬರಾಕತ್ತಾನ."

ಈರಣ್ಣನೆಂದರೆ ಅವಳ ತಮ್ಮ. ಗದಗಿನ ಸ್ಟೇಷನ್ ರಸ್ತೆಯಲ್ಲಿ ಕಂಪ್ಯೂಟರ್ ದುರಸ್ತಿಯ ಅಂಗಡಿಯಿಟ್ಟವನು, ಕಂಡದ್ದನ್ನು ಕಂಡ ಕ್ಷಣದಲ್ಲೇ ಓಣಿಗೆಲ್ಲ ಕೇಳುವಂತೆ ಹೇಳಿಬಿಡುವ ಶಂಖಕಂಠನು. ಆತನು ಬಂದರೆ ರೋಗವನ್ನು ಹಿಡಿಯುವನು, ಹಿಡಿದರೆ ಸಾರುವನು.

"ಅವನ್ನ್ಯಾಕ ಕರದಿ? ರವಿವಾರ ಒಂದಿನ ಆರಾಮ ಇರ್ತಾನ."

"ನಿಮ್ಮ ಸಲುವಾಗಿ ಕರದೇನಿ," ಎಂದಳು ಅವಳು.

ಸ್ಕೂಟರಿನ ಹೊಗೆಯೇ ಧ್ವಜವಾಗಿ, ಸ್ಕ್ರೂಡ್ರೈವರುಗಳ ಚೀಲವೇ ಬತ್ತಳಿಕೆಯಾಗಿ ಈರಣ್ಣನು ಆಗಮಿಸಿದನು. ಹೊಸ್ತಿಲಲ್ಲೇ ನಿಂತು ವೀರೋಕ್ತಿಯನ್ನು ಮೊಳಗಿಸಿದನು: "ಯಕ್ಕಾ, ಚಿಂತಿ ಬಿಡು! ಹುಬ್ಬಳ್ಳಿಯಿಂದ ಕೊಪ್ಪಳದ ತನಕಾ ನಾ ಎಬ್ಬಸಲಾರದ ಮಷಿನ್ ಇನ್ನೂ ಹುಟ್ಟಿಲ್ಲ. ಸಿಡಿಲು ಬಡದದ್ದನ್ನ ಎಬ್ಬಿಸೇನಿ, ಇರುವಿ ಗೂಡು ಕಟ್ಟಿದ್ದನ್ನ ಎಬ್ಬಿಸೇನಿ. ಒಬ್ಬಾಂವ ಒಳಗ ಮಜ್ಜಿಗಿ ಚೆಲ್ಲಿ ತಂದಿದ್ದ, ಅದೂ ಎದ್ದು ಕುಂತೈತಿ!"

"ಮೊದಲ ಕೂಡು. ಗಿರಮಿಟ್ ಮಾಡೇನಿ," ಎಂದಳು ಅಕ್ಕ.

"ಮಷಿನ್ ಎದ್ದಮ್ಯಾಲ ತಿಂತೀನಿ. ಮಿರ್ಚಿ ಅದಾವಿಲ್ಲೊ?"

ಹೀಗೆ ಯುದ್ಧವು ಆರಂಭವಾಯಿತು. ಈರಣ್ಣನು ಲಾಡಿಗಳನ್ನು ಬಿಚ್ಚಿ ಹೊದಿಕೆಯನ್ನು ಮಂಚದ ಮೇಲೆಸೆದನು. ಪೆಟ್ಟಿಗೆಯ ಪಕ್ಕೆಲುಬನ್ನು ಕಳಚಿ, ಗರ್ಭದೊಳಗೆ ಕೈಯಿಕ್ಕಿ, ಮೆಮೊರಿಯೆಂಬ ಹಸಿರು ಪಟ್ಟಿಯನ್ನು ಸೆಳೆದು, ಅದರ ಸುವರ್ಣದಂತಪಂಕ್ತಿಯನ್ನು ಶಾಲೆಯ ಮಕ್ಕಳು ಪೆನ್ಸಿಲ್ ಗೀರಳಿಸುವ ರಬ್ಬರಿನಿಂದ ಗಸಗಸ ಉಜ್ಜಿದನು. ಸಕಲದುರಸ್ತಿಗಾರವಂದಿತವಾದ ಆ ರಬ್ಬರಾಸ್ತ್ರದ ಪ್ರಯೋಗವಾಗಿ ಪಟ್ಟಿಯು ಸ್ವಸ್ಥಾನಕ್ಕೆ ಮರಳಲು, ಗುಂಡಿಯೊತ್ತಿದೊಡನೆಯೇ ಯಂತ್ರವು ಎದ್ದಿತು. ಜನವರಿ ಒಂದು ಎಂದಿತು. ನಡೆಯಿತು. ಗಿರಮಿಟ್ ಮುಗಿದು ಚಹಾ ಬರುವವರೆಗೂ ನಡೆಯಿತು.

"ನೋಡ್ರಿ ಮಾವಾ! ಮೆಮೊರಿಗೆ ಜಂಗ್ ಹಿಡದಿತ್ತು, ಅಷ್ಟ."

"ಹೌದು, ಅಷ್ಟ ಇರಬೇಕು," ಎಂದು ಅಂದಾನಪ್ಪನು ಎಂದೂ ಇಲ್ಲದ ಉತ್ಸಾಹದಿಂದ ತಲೆಯಾಡಿಸಿದನು. ಎಲೈ ರಬ್ಬರೇ, ಈ ಕೀರ್ತಿಯೆಲ್ಲ ನಿನಗಿರಲಿ, ಯಾರೂ ಕೇಳದಿರಲಿ, ಈರಣ್ಣನು ಈಗಲೇ ಎದ್ದು ಹೋಗಲಿ, ಇನ್ನೊಂದು ವರ್ಷ ಯಾರ ಬಾಯಲ್ಲೂ ಈ ಮಾತು ಬಾರದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡನು.

ಆದರೆ ನೀಲಾಂಬಿಕೆಯು ಮಂಚದ ಮೇಲಿನ ಹೊದಿಕೆಯನ್ನೆತ್ತಿ ಒಮ್ಮೆ ಕೊಡವಿದಳು. "ಬೋಳ ಇಟ್ರ ಧೂಳ ಕುಂದರತೈತಿ," ಎನ್ನುತ್ತ ಎಳೆಯ ಕೂಸಿಗೆ ಕುಲಾಯಿ ಕಟ್ಟುವಂತೆ ಪೆಟ್ಟಿಗೆಗೆ ಅದನ್ನು ತೊಡಿಸಿ ಲಾಡಿ ಬಿಗಿದಳು. ಬಿಸಿಗಾಳಿ ಹೊರಹೋಗುವ ಪೆಟ್ಟಿಗೆಯ ಬೆನ್ನಿನ ಜಾಳಿಗೆಯನ್ನು ನವಿಲುಗಳು ಮುಚ್ಚಿಕೊಂಡವು. ತುಸು ಹೊತ್ತಿನಲ್ಲೇ ಒಳಗಿನ ಫ್ಯಾನು ಗುಂಯ್ಗುಡತೊಡಗಿ, ಗರ್ಜಿಸಿ, ಬಸವಳಿದು, ಪರದೆ ಕಪ್ಪಾಯಿತು.

"ಆಂ?" ಎಂದನು ಈರಣ್ಣ.

ಎರಡನೆಯ ಕಾಳಗವು ಇನ್ನೂ ಘೋರವಾದುದು. ಅಕ್ಕನ ಲಾಡಿಗಳು ಮತ್ತೆ ಬಿಚ್ಚಲ್ಪಟ್ಟವು. ಪೆಟ್ಟಿಗೆಯು ಅಂಗಳಕ್ಕೆ ಒಯ್ಯಲ್ಪಟ್ಟಿತು. ಈರಣ್ಣನು ಪೇಂಟಿನ ಬ್ರಷ್ಷು ಹಿಡಿದು ಊದಿದೊಡನೆ, ಸೈಬರ್ ಕೆಫೆಯ ಕಾಲದಿಂದ ಒಳಗೆ ತಪಸ್ಸು ಮಾಡುತ್ತಿದ್ದ ಧೂಳೆಲ್ಲ ಪ್ರಳಯಮೇಘದಂತೆದ್ದು ಮೂವರನ್ನೂ ಆವರಿಸಿತು. ಸೀನಿನ ಮೇಲೆ ಸೀನು. ಎದುರು ಮನೆಯ ಅಜ್ಜಿ ಕಿಟಕಿ ಮುಚ್ಚಿಕೊಂಡಳು. ಯಂತ್ರವು ಶುಚಿರ್ಭೂತವಾಗಿ ಒಳಬಂದು ಮತ್ತೆ ಎದ್ದಿತು, ಮತ್ತೆ ನಡೆಯಿತು. "ಧೂಳ ಐತಿ ಧೂಳ, ನಾ ಆವಾಗ ಅಂದಿದ್ದೆ," ಎಂದು ಈರಣ್ಣನು ಹೊಸ ಜಯಘೋಷ ಮಾಡಿದನು. ಅಂದಾನಪ್ಪನು ಧೂಳಿಗೂ ಅಷ್ಟೇ ಭಕ್ತಿಯಿಂದ ತಲೆಯಾಡಿಸಿದನು. ನೀಲಾಂಬಿಕೆಯು, ಇನ್ನಂತೂ ಧೂಳು ಬೀಳಲೇಬಾರದೆಂದು, ಮೊದಲಿಗಿಂತ ಬಿಗಿಯಾಗಿ ಲಾಡಿ ಕಟ್ಟಿದಳು.

ಯಂತ್ರವು ಸತ್ತಿತು.

ಈ ಸಲ ಈರಣ್ಣನು ಮಾತಾಡಲಿಲ್ಲ. ಆತನು ಮಾತಾಡದೆ ಇದ್ದುದನ್ನು ಅಂದಾನಪ್ಪನು ಅದುವರೆಗೆ ಕಂಡಿರಲಿಲ್ಲ. ಆತನ ದೃಷ್ಟಿಯು ಪರದೆಯಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ನವಿಲುಗಳಿಗೆ, ನವಿಲುಗಳಿಂದ ಲಾಡಿಗೆ ಮೆಲ್ಲಗೆ ಇಳಿಯಿತು. ಹೊದಿಕೆಯ ಬೆನ್ನಿಗೆ ಅಂಗೈಯಿಟ್ಟು ತಟಕ್ಕನೆ ಹಿಂತೆಗೆದುಕೊಂಡನು.

"ಯಕ್ಕಾ," ಎಂದನು, "ಒಂದ್ ಮಾತು. ನಾ ಬಿಚ್ಚಿದಾಗ ನಡೀತೈತಿ. ನೀ ಕಟ್ಟಿದ ಕೂಡಲೇ..."

ಓದುಗರೇ, ವೀರರ ಬಾಳಿನಲ್ಲಿ ಒಂದೇ ಒಂದು ಗಳಿಗೆ ಬರುತ್ತದೆ. ಆ ಗಳಿಗೆಯಲ್ಲಿ, ಗ್ರಂಥಾಲಯದ ನಿಶ್ಶಬ್ದದಲ್ಲಿ ಜನ್ಮ ಸವೆಸಿದವನೂ, ದನಿಯೆತ್ತಿದ್ದನ್ನು ಸ್ವಂತ ಹೆಂಡತಿಯೂ ಕೇಳಿರದವನೂ ಆದ ಅಂದಾನಪ್ಪ ಮಜ್ಜಿಗುಡ್ಡನು, ಕುರ್ಚಿ ಹಿಂದಕ್ಕೆ ಉರುಳುವಂತೆ ಎದ್ದುನಿಂತು, ಮೇಜನ್ನು ಗುದ್ದಿ ಕೂಗಿದನು:

"ಇಸ್ಪೀಟು!"

ಇಬ್ಬರೂ ಬೆಚ್ಚಿದರು.

"ಇಸ್ಪೀಟಾಟದ್ದ ತಪ್ಪು! ಹೊತ್ತುಗೊತ್ತು ಇಲ್ಲದ ಆಡಾಕತ್ತಿದ್ದೆ ನಾನು. ಎಲಿ ಹಂಚಿ ಹಂಚಿ ಮಷಿನ್ ತಲಿ ಕಾಯತೈತಿ. ಈರಣ್ಣಾ, ತಗದ್ ಹಾಕು ಅದನ್ನ! ಬ್ಯಾರೆ ಯಾವ ಕಾರಣಾನೂ ಇಲ್ಲ!"

"ಇಸ್ಪೀಟಿನಿಂದ ಎಲ್ಲ್ಯಾರ ಮಷಿನ್..." ಎಂದು ಬಾಯ್ತೆರೆದ ಈರಣ್ಣನು ಮಾವನ ಕಣ್ಣನ್ನು ನೋಡಿದನು. ಆ ಕಣ್ಣುಗಳಲ್ಲಿದ್ದುದು ಪರಾಕ್ರಮವಲ್ಲ, ಅಂಗಲಾಚಿಕೆ. ಶಂಖಕಂಠನು ಗಂಟಲನ್ನು ಸರಿಮಾಡಿಕೊಂಡನು.

"ಹೌದ್ರಿ," ಎಂದನು ಗಂಭೀರವಾಗಿ. "ಹಳೇ ಮಷಿನ್‌ಗೆ ಇಸ್ಪೀಟು ಭಾಳ ಉಷ್ಣ."

"ನಾ ಮೊದಲಿಂದ ಬಡ್ಕೊಳ್ಳಾಕತ್ತೇನಿ, ಆ ಆಟಾ ಬಿಡ್ರಿ ಅಂತ. ನನ್ನ ಮಾತು ಯಾರ್ ಕೇಳ್ತಾರ?" ಎಂದಳು ನೀಲಾಂಬಿಕೆ. ಅವಳ ಮುಖದಲ್ಲಿ ವಿಜಯಲಕ್ಷ್ಮಿಯ ಕಳೆಯೇರಿತ್ತು.

ಲಾಡಿಗಳು ಮತ್ತೆ ಬಿಚ್ಚಿದವು, ಯಂತ್ರವು ಎದ್ದಿತು. ಅಂದಾನಪ್ಪನ ಸಮಸ್ತ ಸೈನ್ಯವು, ಆಟೀನು, ಇಸ್ಪೀಟು, ಕಳಾವರ, ಡೈಮಂಡುಗಳ ರಾಜರಾಣಿಯರ ಸಮೇತ, ಒಂದೇ ಗುಂಡಿಯ ಹೊಡೆತಕ್ಕೆ ಅಳಿದುಹೋಯಿತು. ಆತನು ಅತ್ತ ನೋಡಲಿಲ್ಲ. ಆತನ ಕಣ್ಣು ಹೆಂಡತಿಯ ಕೈಯ ಮೇಲಿತ್ತು. ಆ ಕೈ ಹೊದಿಕೆಯನ್ನೆತ್ತಿ ಪೆಟ್ಟಿಗೆಯ ಕಡೆಗೆ ಬರುತ್ತಿತ್ತು.

"ಅದನ್ನ ಇಲ್ಲೆ ಕಟ್ಟಬ್ಯಾಡ," ಎಂದನು.

ಅವಳು ನಿಂತಳು. "ಯಾಕ್ರಿ? ಚಂದ ಆಗಿಲ್ಲೇನು?"

ಮಳೆಗಾಲದ ಪಾತ್ರೆಗಳೆಲ್ಲ ಅಡುಗೆಮನೆಯ ಕಪಾಟಿನಲ್ಲಿ ಕಿವಿಗೊಟ್ಟು ನಿಂತಿದ್ದವು.

"ಚಂದ ಆಗೇತಿ," ಎಂದನು ಅಂದಾನಪ್ಪ. ಎಷ್ಟೋ ದಿನದಿಂದ ಹೇಳದೆ ಉಳಿದಿದ್ದ ಮಾತದು. "ಭಾಳ ಚಂದ ಆಗೇತಿ. ಅದಕ್ಕ ಅಂದೆ. ಈ ಮೂಲ್ಯಾಗ ಯಾರ್ ನೋಡ್ತಾರ ಅದನ್ನ? ಹೊರಗ ಪಡಸಾಲ್ಯಾಗ ಹಾಕು. ಬಂದ ಮಂದಿ ನೋಡಲಿ."

ನೀಲಾಂಬಿಕೆ ಹೊದಿಕೆಯನ್ನು ಎದೆಗವಚಿಕೊಂಡಳು. "ಈಗ ಹೇಳಾಕತ್ತೀರಿ," ಎಂದಳು. ತಮ್ಮನ ಕಡೆ ತಿರುಗಿ, "ಇನ್ನೆರಡು ಮಿರ್ಚಿ ಕರೀಲೇನೋ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಹೋದಳು. ಬಾಣಲೆಯನ್ನು ಒಲೆಗಿಟ್ಟ ಸದ್ದು ಮೆತ್ತಗಿತ್ತು.

ಈರಣ್ಣನು ಹೊರಡುವಾಗ ಅಂದಾನಪ್ಪನು ಸ್ಕೂಟರಿನ ತನಕ ಬಂದನು.

"ಮಾವಾ, ಅದು ಇಸ್ಪೀಟಲ್ರಿ. ಆ ಹೊದಿಕಿ..."

"ಗೊತ್ತೈತಿ."

"ಮತ್ತ ಅಕ್ಕಗ ಹೇಳೂದಲ್ಲೇನು? ಒಂದ್ ಮಾತಿನ ಕೆಲಸ."

"ನಿನಗ ಲಗ್ನ ಆಗಲಿ, ಆಮ್ಯಾಲ ಹೇಳ್ತೀನಿ. ನಡಿ."

ಇಂತು ಮಹಾಸಮರವು ಮುಗಿದು, ಧೂಳು ಅಂಗಳದಲ್ಲಿ ಅಡಗಿತು. ನೀಲಾಂಬಿಕೆಯು ಮಧ್ಯಾಹ್ನವೆಲ್ಲ ಕುಳಿತು ಹೊದಿಕೆಯ ಬದಿಯ ಹೊಲಿಗೆಗಳನ್ನು ಬಿಡಿಸಿ, ಅಗಲವಾಗಿ ಹರವಿ, ಪಡಸಾಲೆಯಲ್ಲಿ ಬಂದವರು ಕೂರುವ ಬಾಕಿನ ಮೇಲೆ ಹಾಸಿದಳು. ನವಿಲುಗಳು ಬಾಗಿಲಿಗೆ ಮುಖಮಾಡಿದವು. ಅಂದಾನಪ್ಪನು ಅದನ್ನು ಮುಟ್ಟಿ ನೋಡಿದನು. ಕಟ್ಟಿಗೆಯ ಬಾಕು ಕಾಯುವುದಿಲ್ಲ.

ಸಂಜೆ ಆತನು ಚಹಾದ ಕಪ್ಪು ಹಿಡಿದು ಯಂತ್ರದೆದುರು ಕುಳಿತನು. ಬೋಳು ಪೆಟ್ಟಿಗೆ ತಣ್ಣಗಿತ್ತು, ಫ್ಯಾನು ನಿದ್ದೆಹೋದ ಕೂಸಿನಂತೆ ಉಸಿರಾಡುತ್ತಿತ್ತು. ಪರದೆಯು ಎಷ್ಟು ಹೊತ್ತಾದರೂ ಆರಲಿಲ್ಲ. ಅದರ ಮೇಲೆ ಆಡುವುದಕ್ಕೆ ಏನೂ ಉಳಿದಿರಲಿಲ್ಲ. ಮೌಸಿನ ಬಾಣವನ್ನು ಆ ಮೂಲೆಯಿಂದ ಈ ಮೂಲೆಗೆ ಒಯ್ದನು, ಈ ಮೂಲೆಯಿಂದ ಆ ಮೂಲೆಗೆ ತಂದನು.

"ನಡದೈತೇನ್ರಿ?" ಎಂದು ಒಳಗಿನಿಂದ ಕೇಳಿದಳು.

"ನಡದೈತಿ," ಎಂದನು.

ಯಂತ್ರವನ್ನು ಕೆಡಿಸುತ್ತಿದ್ದುದು ಆ ಹೊದಿಕೆಯೇ ಎಂದು ಆತನು ಅವಳಿಗೆ ಎಂದೂ ಹೇಳಲಿಲ್ಲ.